ಅಮ್ಮನ ರೀಚಾರ್ಜು, ನನ್ನ ಬಿಲ್ಲು

ಹೋದ ವರ್ಷ ಮಳೆಗಾಲದಲ್ಲಿ ಮೂರು ದಿನ ಅಮ್ಮನಿಗೆ ಫೋನು ಹತ್ತಲೇ ಇಲ್ಲ. ಸಾಗರದ ಕಡೆ ಹಳ್ಳಿ ನಮ್ದು, ಮಳೆ ಜೋರಾದ್ರೆ ಕರೆಂಟು ಟವರ್ರು ಎರಡೂ ಒಟ್ಟಿಗೆ ಮಲಗೋದು ಮಾಮೂಲಿ, ಹಾಗೇ ಏನೋ ಅಂತ ನಾನಿಲ್ಲಿ ಇಂಗ್ಲೆಂಡಿನ ರೆಡಿಂಗಲ್ಲಿ ಸುಮ್ನೆ ಕೂತಿದ್ದೆ. ನಾಲ್ಕನೇ ದಿನ ಪಕ್ಕದ್ಮನೆ ಫೋನಿಂದ ಮಾತಾಡಿದ್ಲು, "ಮಳೆ ಹೊಳವಾಗಿ ಎರಡು ದಿನ ಆಯ್ತು ಕಣೋ, ನನ್ನ ಫೋನಿಗೆ ದುಡ್ಡು ಹಾಕೋದು ಮರ್ತಿದೀಯ ನೋಡು" ಅಂತ. ನಾನೇನೂ ಮರ್ತಿರ್ಲಿಲ್ಲ, ತಿಂಗಳು ಅಂದ್ರೆ ತಿಂಗಳು ಅಂತ ಲೆಕ್ಕ ಹಾಕಿದ್ದೆ ಅಷ್ಟೆ. ಫೋನ್ ಕಂಪನಿಯವರದ್ದು 28 ದಿನದ ತಿಂಗಳು. ಅಮ್ಮಂಗೆ ವಿವರಿಸಿದ್ರೆ "ಅಮಾವಾಸ್ಯೆನೂ ಇಷ್ಟು ಬೇಗ ಬರಲ್ವಲ್ಲೋ" ಅಂದ್ಲು.

ವರ್ಷಕ್ಕೆ 12 ರೀಚಾರ್ಜ್ ಆಗೋ ಕಡೆ 13 ಆಗುತ್ತೆ, ದರ ಏರಿಸದೇನೇ ಒಂದು ತಿಂಗಳ ದುಡ್ಡು ಜಾಸ್ತಿ ಬಂತಲ್ಲ. 2022ರಲ್ಲಿ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡೋ ಟ್ರಾಯ್ ನವರು ಕನಿಷ್ಠ ಒಂದಾದ್ರೂ 30 ದಿನದ ಪ್ಲಾನು, ಪ್ರತಿ ತಿಂಗಳು ಅದೇ ತಾರೀಖಿಗೆ ಬರೋ ಪ್ಲಾನು ಒಂದು ಇಡ್ಲೇಬೇಕು ಅಂತ ಹೇಳಿದ್ರು, ಇಟ್ಟಿದಾರೆ ಕೂಡ, ಆದ್ರೆ ಸಾಗರದ ಪೇಟೆಲಿ ರೀಚಾರ್ಜ್ ಅಂಗಡಿಗೆ ಹೋಗಿ ಕೇಳಿದ್ರೆ ಅವನ ಬಾಯಿಗೆ ಮೊದಲು ಬರೋದು 28 ದಿನದ್ದೇ.

ಇನ್ನು ದರದ ವಿಷ್ಯ. 2018ರ ಕೊನೆಗೆ ಲೈಫ್‌ಟೈಮ್ ಇನ್‌ಕಮಿಂಗ್ ಅನ್ನೋದೆಲ್ಲ ಮುಗಿದು, ಏರ್‌ಟೆಲ್, ವೊಡಾಫೋನ್ ಐಡಿಯಾ ಎರಡೂ 28 ದಿನಕ್ಕೆ ಕನಿಷ್ಠ 35 ರೂಪಾಯಿ ಹಾಕ್ಬೇಕು ಅಂದಾಗ್ಲೇ ಊರಲ್ಲಿ ಜನ ಬೈಕೊಂಡಿದ್ರು. 2021ರ ನವೆಂಬರಲ್ಲಿ ಏರ್‌ಟೆಲ್‌ನ ಆ ಸಣ್ಣ ಪ್ಲಾನು 79ರಿಂದ 99 ಆಯ್ತು, ಆಮೇಲೆ ಅದೂ ಹೋಯ್ತು. 2024ರಲ್ಲಂತೂ ಜೂನ್ 27ಕ್ಕೆ ಜಿಯೋ ದರ ಏರಿಸ್ತೀವಿ ಅಂತ ಹೇಳ್ತು, ಮಾರನೇ ದಿನ ಉಳಿದವ್ರೂ ಹೇಳಿದ್ರು, ಜುಲೈ 3, 4ಕ್ಕೆ ಜಾರಿ, ಮುಗೀತು. ಜಿಯೋದ 239 ಇದ್ದದ್ದು 299, 155 ಇದ್ದದ್ದು 189, ಏರ್‌ಟೆಲ್‌ನ 179 ಹೋಗಿ 199. ನಮ್ ಭಾವ ಜುಲೈ 2ನೇ ತಾರೀಖು ರಾತ್ರಿ ಕೂತು ಮನೆಯವರೆಲ್ಲರ ನಂಬರಿಗೆ ಹಳೇ ರೇಟಲ್ಲಿ ರೀಚಾರ್ಜ್ ಹೊಡ್ದು ಇಟ್ಕೊಂಡ್ರು, ಮಳೆಗಾಲಕ್ಕೆ ಸೌದೆ ಒಟ್ಟಿದ ಹಾಗೆ. ಕೇಳೋಕೆ ಹೋದ್ರೆ ದರ ಎಷ್ಟು ಅಂತ ಟ್ರಾಯ್ ಹೇಳಲ್ಲ, ಅದನ್ನ ಕಂಪನಿಗಳ ಕೈಗೇ ಬಿಟ್ಟಿದಾರೆ.

ಇಲ್ಲಿ ಇಂಗ್ಲೆಂಡಲ್ಲಿ ಏನು ಸ್ವರ್ಗನಾ ಅಂದ್ರೆ ಅಲ್ಲ. ಇಲ್ಲಿ ಏರಿಸೋದು ವರ್ಷಕ್ಕೊಂದ್ಸಲ, ಯುಗಾದಿ ಟೈಮಿಗೆ ಸರಿಯಾಗಿ. ನಾನು ಎರಡು ವರ್ಷದ ಕಾಂಟ್ರಾಕ್ಟಿಗೆ ಸೈನ್ ಹಾಕಿದ್ದೆ, ಅದರಲ್ಲಿ ಸಣ್ಣ ಅಕ್ಷರದಲ್ಲಿ ಹಣದುಬ್ಬರದ ಮೇಲೆ 3.9 ಪರ್ಸೆಂಟ್ ಅಂತ ಇತ್ತು, ಯಾರು ಓದ್ತಾರೆ. 2023ರ ಏಪ್ರಿಲಲ್ಲಿ ಏರಿಸಿದಾಗ ಲೆಕ್ಕಕ್ಕೆ ಹಿಡಿದಿದ್ದು ಹಿಂದಿನ ಡಿಸೆಂಬರಿನ ಹಣದುಬ್ಬರ 10.5, ಅದರ ಮೇಲೆ ಇವರದ್ದು 3.9, ಒಟ್ಟು 14.4 ಪರ್ಸೆಂಟ್ ಏರಿಕೆ. ಬಿಟ್ಟು ಹೋಗ್ತೀನಿ ಅಂದ್ರೆ ಉಳಿದ ತಿಂಗಳದ್ದೆಲ್ಲ ಕಟ್ಟಿ ಹೋಗಿ ಅಂದ್ರು. ಆವಾಗ ನನಗೆ ನಮ್ಮೂರ ಪ್ರೀಪೇಯ್ಡ್ ಎಷ್ಟು ವಾಸಿ ಅನ್ನಿಸ್ತು, ಬೇಡ ಅಂದ್ರೆ 1900ಕ್ಕೆ ಪೋರ್ಟ್ ಅಂತ ಮೆಸೇಜ್ ಹಾಕಿ ಎದ್ದು ಬರಬಹುದು. 2024ರ ಜುಲೈಲಿ ಲಕ್ಷಗಟ್ಟಲೆ ಜನ ಹಾಗೇ ಬಿಎಸ್‌ಎನ್‌ಎಲ್‌ಗೆ ಹೋದ್ರು, ಅದ್ರಲ್ಲಿ ಎಷ್ಟು ಜನ ಸಿಗ್ನಲ್ ಸಿಗದೆ ವಾಪಸ್ ಬಂದ್ರೋ ಅದು ಬೇರೆ ಕಥೆ.

ಆದ್ರೆ ಒಂದು ಮಾತು ಒಪ್ಕೋಬೇಕು, ಜನ ಬೊಬ್ಬೆ ಹೊಡೆದ ಮೇಲೆ ಇಲ್ಲಿನ ಟ್ರಾಯ್ ಥರದ ಆಫ್‌ಕಾಮ್ ಕಿವಿ ಮೇಲೆ ಹಾಕ್ಕೊಳ್ತು. 2025ರ ಜನವರಿ 17ರಿಂದ ಹೊಸ ಕಾಂಟ್ರಾಕ್ಟಲ್ಲಿ ಪರ್ಸೆಂಟ್ ಲೆಕ್ಕ ಬರೆಯೋ ಹಾಗಿಲ್ಲ, ಎಷ್ಟು ಪೌಂಡು ಎಷ್ಟು ಪೆನ್ಸು ಯಾವ ತಿಂಗಳಿಂದ ಏರುತ್ತೆ ಅಂತ ಸೈನ್ ಹಾಕೋ ಮೊದ್ಲೇ ಹೇಳ್ಬೇಕು. ನಾನು ಅಷ್ಟರಲ್ಲಿ ಕಾಂಟ್ರಾಕ್ಟೇ ಬೇಡ ಅಂತ ಬರೀ ಸಿಮ್ಮಿಗೆ ಬಂದಿದ್ದೆ, ತಿಂಗಳಿಗೆ 10 ಪೌಂಡು.

ಅದನ್ನ ರೂಪಾಯಿಗೆ ತಿರುಗಿಸಿ "ನೋಡಿ ಇಂಡಿಯಾದಲ್ಲಿ ಎಷ್ಟು ಅಗ್ಗ" ಅನ್ನೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. 2025ರ ಲೆಕ್ಕ ಹಿಡೀರಿ, ಇಲ್ಲಿ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು, ಅಂದ್ರೆ ನನ್ನ ಫೋನಿನ ಖರ್ಚು ಒಂದು ಗಂಟೆ ಕೆಲಸವೂ ಅಲ್ಲ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ನಮ್ಮ ತೋಟಕ್ಕೆ ಬರೋ ಹೆಂಗಸರಿಗೂ ಮನೆಲೊಂದು ಫೋನ್ ಬೇಕೇ ಬೇಕು, ಖಾತ್ರಿ ಕೂಲಿ ಲೆಕ್ಕ ಹಿಡಿದ್ರೆ 199ರ ರೀಚಾರ್ಜ್ ಅಂದ್ರೆ ಅರ್ಧ ದಿನ ಮಣ್ಣು ಹೊರೋದು. ಅದರಲ್ಲಿ ಅವರಿಗೆ ಬೇಕಾಗಿರೋದು ಬರೀ ಮಾತು, ಕೊಡೋದು ಡೇಟಾ ಸೇರಿಸಿ.

ಬರೀ ಮಾತು ಬೇಕಾದವರ ವಿಷ್ಯದಲ್ಲಿ ಇಲ್ಲಿ ಇಂಗ್ಲೆಂಡಲ್ಲಿ ಒಂದು ಒಳ್ಳೇ ಉದಾಹರಣೆ ಇದೆ, ಲ್ಯಾಂಡ್‌ಲೈನಿಂದು. ಇಂಟರ್ನೆಟ್ಟು ಗಿಂಟರ್ನೆಟ್ಟು ಏನೂ ಇಲ್ದೆ ಬರೀ ಲ್ಯಾಂಡ್‌ಲೈನ್ ಇಟ್ಕೊಂಡಿರೋರು ಹೆಚ್ಚಿನವರು ವಯಸ್ಸಾದವರು, ಅವರು ಕಂಪನಿ ಬದಲಾಯಿಸಲ್ಲ ಅಂತ ಗೊತ್ತಿದ್ದೇ ಬಾಡಿಗೆ ಏರಿಸ್ತಾ ಹೋಗಿದ್ರು. ಆಫ್‌ಕಾಮ್ ಒತ್ತಡ ಹಾಕಿ 2018ರ ಏಪ್ರಿಲಿಂದ ಬಿಟಿ ಕಂಪನಿಯ ಬಾಡಿಗೆ 18.99 ಪೌಂಡಿಂದ 11.99ಕ್ಕೆ ಇಳಿಸ್ತು. ಹೌದು, ಫೋನಿನ ಬಿಲ್ಲು ಇಳೀತು! ನಮ್ಮಲ್ಲಿ ಅದೇ ವರ್ಷ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನಿನ ಭಾನುವಾರದ ಫ್ರೀ ಕಾಲ್ ತೆಗೆದ್ರು. ಅದಕ್ಕೆ ಮೊದ್ಲು ಇಡೀ ಭಾನುವಾರ ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ ಎಲ್ಲ ಸೇರಿ ಆ ಕೆಂಪು ಫೋನನ್ನ ಬಿಸಿ ಮಾಡ್ತಿದ್ರು. ಆಮೇಲೆ ರಸ್ತೆ ಅಗಲ ಮಾಡೋವಾಗ ಕೇಬಲ್ ಕಿತ್ತು ಬಿಸಾಕಿದ್ರು, ಫೋನು ಈಗ್ಲೂ ಕ್ರೋಷಾ ಹೊದ್ಕೊಂಡು ಸ್ಟೂಲ್ ಮೇಲೆ ಕೂತಿದೆ. ಕರೆಂಟಿಲ್ದಿದ್ರೂ ಎಕ್ಸ್‌ಚೇಂಜಿಂದ ಬರೋ ವಿದ್ಯುತ್ತಲ್ಲೇ ನಡೀತಿದ್ದ ಫೋನು ಅದು. ಇಲ್ಲೂ ತಾಮ್ರದ ಲೈನಿನ ಆ ಹಳೇ ಥರದ ಫೋನ್ ಸೇವೆ 2027ರ ಜನವರಿಗೆ ಬಂದ್ ಮಾಡೋ ಯೋಜನೆ, ನಮ್ಮ ಬೀದಿಯ ಅಜ್ಜಿ ಒಬ್ರು ಕರೆಂಟ್ ಹೋದ್ರೆ ಹೆಂಗೆ ಅಂತ ಈಗಿಂದ್ಲೇ ಗೊಣಗ್ತಾರೆ. ಮಲ್ನಾಡಿಗೆ ಬನ್ನಿ ಅಜ್ಜಿ, ಅಭ್ಯಾಸ ಆಗುತ್ತೆ ಅಂತ ಹೇಳೋಣ ಅನ್ಸುತ್ತೆ.

ಟ್ರಾಯ್ ಏನೂ ಮಾಡಿಲ್ಲ ಅನ್ನಲ್ಲ. 2024ರ ಡಿಸೆಂಬರಲ್ಲಿ ಬರೀ ಮಾತು ಮತ್ತೆ ಎಸ್ಸೆಮ್ಮೆಸ್ಸಿನ ಪ್ಲಾನ್ ಕೊಡ್ಲೇಬೇಕು ಅಂತ ಆರ್ಡರ್ ಮಾಡಿದ್ರು. ಕಂಪನಿಗಳು ಕೊಟ್ವು, ಹೆಂಗೆ ಅಂದ್ರೆ ಏರ್‌ಟೆಲ್ 469, ಜಿಯೋ 448, ಎರಡೂ 84 ದಿನಕ್ಕೆ. ತಿಂಗಳಿಗೆ ಲೆಕ್ಕ ಹಾಕಿದ್ರೆ ಅಗ್ಗವೇ, ಆದ್ರೆ ದಿನಗೂಲಿಯವರ ಕೈಲಿ ಒಂದೇ ಸಲಕ್ಕೆ 469 ಎಲ್ಲಿಂದ ಬರಬೇಕು, ಸಣ್ಣದಾಗಿ 28 ದಿನಕ್ಕೊಂದು ಮಾಡೋಕೆ ಏನಾಗಿತ್ತು? 28ರ ಮೇಲೆ ಅಷ್ಟು ಪ್ರೀತಿ ಇರೋರು ಇಲ್ಲಿ ಮಾತ್ರ ಯಾಕೆ ಮರೆತ್ರು?

ಆ ಪ್ಲಾನಿಂದ ನಿಜವಾಗಿ ಉಪಕಾರ ಆಗಿದ್ದು ನನ್ನಂಥವನಿಗೆ. ಬ್ಯಾಂಕಿನ ಒಟಿಪಿಗೋಸ್ಕರ ಊರಿನ ಸಿಮ್ ಒಂದನ್ನ ಡ್ರಾಯರಲ್ಲಿ ಜೀವ ಹಿಡಿದು ಇಟ್ಕೊಂಡಿದೀನಿ, ಹೊರದೇಶದಲ್ಲಿರೋ ಎಲ್ಲರ ಮನೆಲೂ ಅಂಥದ್ದೊಂದಿರುತ್ತೆ. ಆ ಮಾತಿನ ಪ್ಲಾನಲ್ಲೇ ವರ್ಷದ್ದೊಂದಿದೆ, ಅದಕ್ಕೀಗ 1849 ಹಾಕಿ ವರ್ಷ ಪೂರ್ತಿ ನಿಶ್ಚಿಂತೆ.

ಅಮ್ಮಂಗೂ ಹಾಗೇ ಮಾಡೋಣ, ನಿಂಗೆ ಡೇಟಾ ಯಾಕೆ ಅಂದೆ. "ಡೇಟಾ ಬೇಡ ಅಂದ್ರೆ ಮಗೂನ ಮುಖ ನೀನು ಪೋಸ್ಟಲ್ಲಿ ಕಳಿಸ್ತೀಯ?" ಅಂದ್ಲು. ಸರಿ, 299ದ್ದೇ ನಡೀತಿದೆ. ನನ್ನ ಫೋನಲ್ಲಿ 26 ದಿನಕ್ಕೊಂದು ಅಲಾರಂ ಇಟ್ಟಿದೀನಿ.