ಅವರ ಮೂರು, ನನ್ನ ಎಂಟು

ಹೋದ ತಿಂಗಳು ಒಂದು ಮಂಗಳವಾರ ಆಫೀಸಿನಲ್ಲಿ ಊಟದ ಡಬ್ಬಿ ತೆಗೆಯುತ್ತಿದ್ದೆ, ಮೊಬೈಲಿಗೆ ಮೆಸೇಜ್ ಬಂತು. ನನ್ನ ಸ್ಕೂಟರ್ ನೋ ಪಾರ್ಕಿಂಗ್ ಜಾಗದಲ್ಲಿ ನಿಂತಿತ್ತಂತೆ. ಹಿಂದಿನ ಶುಕ್ರವಾರ, ಬೆಳಿಗ್ಗೆ 11.40. ದಂಡ ಕಟ್ಟಬೇಕಂತೆ.

ಮೆಸೇಜಿನ ಲಿಂಕ್ ನಾನು ಒತ್ತಲಿಲ್ಲ. ಚಲನ್ ಹೆಸರಿನಲ್ಲಿ ಏನೋ ಒಂದು ಆ್ಯಪ್ ಇಳಿಸಿಕೊಳ್ಳುವಂತೆ ಮಾಡಿ ಬ್ಯಾಂಕ್ ಖಾತೆ ಗುಡಿಸುವ ಕಳ್ಳರ ಕಾಲ ಇದು. ಪೊಲೀಸರ ಪೋರ್ಟಲ್‌ಗೆ ನಾನೇ ಹೋಗಿ ಗಾಡಿ ನಂಬರ್ ಹಾಕಿದೆ. ಚಲನ್ ನಿಜವೇ. ಫೋಟೋ ಕೂಡ ಇತ್ತು.

ತಮಾಷೆ ಏನೆಂದರೆ ಆ ಶುಕ್ರವಾರ 11.40ಕ್ಕೆ ನನ್ನ ಸ್ಕೂಟರ್ ಎಲ್ಲೂ ಹೋಗುವ ಸ್ಥಿತಿಯಲ್ಲೇ ಇರಲಿಲ್ಲ. ಮೆಕ್ಯಾನಿಕ್ ಅಂಗಡಿಯಲ್ಲಿ ಹಿಂದಿನ ಚಕ್ರ ಬಿಚ್ಚಿ, ಕೆಳಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದರು. "ಅಕ್ಕ, ಬ್ರೇಕ್ ಶೂ ಪೂರ್ತಿ ಹೋಗಿದೆ, ಹೊಸದು ಹಾಕ್ಲಾ?" ಅಂತ ಅಲ್ಲಿನ ಹುಡುಗ ವಾಟ್ಸಾಪಿನಲ್ಲಿ ಫೋಟೋ ಸಮೇತ ಕೇಳಿದ್ದ. ಆ ಮೆಸೇಜಿನ ಟೈಮ್ 11.32.

ಚಲನ್ ಫೋಟೋ ಹಿಗ್ಗಿಸಿ ನೋಡಿದೆ. ಕಪ್ಪು ಸ್ಕೂಟರ್. ನನ್ನದು ಬೂದಿ ಬಣ್ಣ. ನಂಬರ್ ಪ್ಲೇಟಿನ ಮೂಲೆಯಲ್ಲಿ ಕೆಸರು ಮೆತ್ತಿತ್ತು. ಕೊನೆಯ ಅಂಕಿ ಮೂರು. ಕೆಸರಿನ ಜೊತೆ ಸೇರಿಸಿ ಓದಿದರೆ ಎಂಟು. ಆ ಎಂಟು ನನ್ನದು.

ರಾತ್ರಿ ಮನೆಯವರಿಗೆ ತೋರಿಸಿದೆ. "ಕಟ್ಟಿ ಬಿಸಾಕು. ಅರ್ಧ ದಿನ ರಜಾ ಹಾಕಿ ಠಾಣೆಗೆ ಅಲೆಯೋದಕ್ಕಿಂತ ಅದೇ ಅಗ್ಗ" ಅಂದರು. ಲೆಕ್ಕ ಸರಿಯಾಗಿಯೇ ಇತ್ತು. ಅದಕ್ಕೇ ಸಿಟ್ಟು ಬಂತು. ಮಾಡದ ತಪ್ಪು ಒಪ್ಪಿಕೊಳ್ಳುವುದು ಅಗ್ಗ, ಮಾಡಿಲ್ಲ ಅನ್ನುವುದು ದುಬಾರಿ!

ಅರ್ಧ ದಿನ ರಜಾ ಹಾಕಿದೆ. ಯಾವ ಠಾಣೆ ಅನ್ನುವುದು ಬೇಡ, ಯಾಕೆಂದರೆ ಅಲ್ಲಿದ್ದವರು ನನ್ನನ್ನು ಚೆನ್ನಾಗಿಯೇ ಮಾತಾಡಿಸಿದರು. ಒಬ್ಬ ಎಎಸ್‌ಐ ಕನ್ನಡಕ ಹಣೆಗೇರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಪಕ್ಕದವರಿಗೆ ತೋರಿಸಿ "ಇದು ಮೂರೋ ಎಂಟೋ ನೋಡ್ರೀ" ಅಂದರು. ಅವರು "ಮೂರೇ ಸಾರ್" ಅಂದರು. ನನ್ನಿಂದ ಒಂದು ಅರ್ಜಿ, ಆರ್‌ಸಿ ಜೆರಾಕ್ಸ್ ತೆಗೆದುಕೊಂಡರು. ನಾಲ್ಕು ದಿನ ಬಿಟ್ಟು ನೋಡಿದರೆ ಪೋರ್ಟಲ್‌ನಲ್ಲಿ ಆ ಚಲನ್ ಇರಲಿಲ್ಲ.

ಆದರೆ ಈ ಬರಹಕ್ಕೆ ಕಾರಣ ನನ್ನ ಚಲನ್ ಅಲ್ಲ. ಅಲ್ಲಿ ನನ್ನ ಮುಂದೆ ನಿಂತಿದ್ದ ಡೆಲಿವರಿ ಹುಡುಗ. ಹೆಗಲಲ್ಲಿ ದೊಡ್ಡ ಬ್ಯಾಗು, ಹೆಲ್ಮೆಟ್ ಮೊಣಕೈಗೆ ಸಿಕ್ಕಿಸಿಕೊಂಡಿದ್ದ. ಒಂಬತ್ತು ಚಲನ್ ಬಾಕಿ. ಒಂದರ ಫೋಟೋವನ್ನೂ ನೋಡದೆ ಫೋನ್‌ಪೇ ಮಾಡಲು ಹೊರಟ. "ಒಂದ್ಸಲ ನೋಡಪ್ಪಾ, ನಿಂದೇನಾ ಅಂತ" ಅಂದೆ. "ನೋಡ್ತಾ ಕೂತ್ರೆ ಎರಡು ಆರ್ಡರ್ ಹೋಗುತ್ತಕ್ಕ" ಅಂದ.

ಅವನ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

ನಾವೆಲ್ಲ ಚಲನ್ ಅನ್ನು ಕರೆಂಟ್ ಬಿಲ್ ಥರ ನೋಡಲು ಶುರು ಮಾಡಿದ್ದೇವೆ. ಬಂತು, ಕಟ್ಟಬೇಕು. ಕಾನೂನಿನ ಪ್ರಕಾರ ಅದು ಒಂದು ಆರೋಪ, ಅಷ್ಟೇ. "ನೀವು ಇಂಥ ದಿನ ಇಂಥ ಜಾಗದಲ್ಲಿ ಈ ತಪ್ಪು ಮಾಡಿದ್ದೀರಿ ಅಂತ ನಮಗೆ ಅನಿಸಿದೆ" ಎಂದು ಪೊಲೀಸರು ಹೇಳುವುದು. 1988ರ ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಸಣ್ಣ ತಪ್ಪುಗಳಿಗೆ ಒಂದು ದಾರಿ ಕೊಟ್ಟಿದೆ. ಸರ್ಕಾರ ಗೊತ್ತು ಮಾಡಿದ ಅಧಿಕಾರಿಗೆ ದಂಡ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯಿತು. ಅಂದರೆ ಅದು ರಾಜಿ. ರಾಜಿ ಆಗುವುದೂ ಬಿಡುವುದೂ ನಮ್ಮಿಷ್ಟ. ಒಪ್ಪದಿದ್ದರೆ ಕೋರ್ಟಿಗೆ ಹೋಗಬಹುದು. ಅಲ್ಲಿ ತಪ್ಪು ನಡೆದಿದೆ ಅಂತ ಅವರು ತೋರಿಸಬೇಕು.

ಎಷ್ಟು ಜನ ಹೋಗುತ್ತಾರೆ? ನನಗೆ ಗೊತ್ತಿರುವವರಲ್ಲಿ ಒಬ್ಬರೂ ಇಲ್ಲ.

2019ರಲ್ಲಿ ಕಾಯ್ದೆ ತಿದ್ದುಪಡಿ ಆದಾಗ ದಂಡ ಏರಿತು. ಬೇರೆ ಶಿಕ್ಷೆ ಹೇಳಿರದ ತಪ್ಪುಗಳಿಗೆ ಇರುವ 177ನೇ ಸೆಕ್ಷನ್‌ನಲ್ಲಿ ಮೊದಲ ಸಲಕ್ಕೆ 100 ರೂಪಾಯಿ ಇದ್ದದ್ದು 500 ಆಯಿತು. ಮತ್ತೆ ಸಿಕ್ಕಿಬಿದ್ದರೆ 300 ಇದ್ದದ್ದು 1,500. ಜನ ಕೂಗಾಡಿದರು. ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ದಂಡ ಎಷ್ಟು ಅನ್ನುವುದರ ಬಗ್ಗೆ ಅಷ್ಟೊಂದು ಗಲಾಟೆ ಆಯಿತು. ಹಾಕಿದ ದಂಡ ಸರಿಯಾ ಅಂತ ಕೇಳಿದವರನ್ನು ನಾನಂತೂ ಕಾಣಲಿಲ್ಲ.

ಆಮೇಲೆ ಬಂತು ನೋಡಿ ಆಫರ್. 2023ರ ಫೆಬ್ರವರಿಯಲ್ಲಿ ಬಾಕಿ ಇರುವ ದಂಡಕ್ಕೆ ಅರ್ಧ ರಿಯಾಯಿತಿ. 11ನೇ ತಾರೀಖಿನವರೆಗೆ ಮಾತ್ರ. ಠಾಣೆಗಳ ಮುಂದೆ ಹನುಮಂತನ ಬಾಲದಂಥ ಕ್ಯೂ. ಬೆಂಗಳೂರಿನಲ್ಲೇ 120 ಕೋಟಿ ರೂಪಾಯಿಗೂ ಜಾಸ್ತಿ ವಸೂಲಾಯಿತು. ಆಮೇಲೂ ಅದೇ ರಿಯಾಯಿತಿ ಬಂತು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಬಾಕಿ ತೀರಲಿ ಅನ್ನುವ ಉದ್ದೇಶ ನನಗೆ ಅರ್ಥವಾಗುತ್ತದೆ. ಆದರೆ ಆಷಾಢ ಸೇಲ್‌ನಲ್ಲಿ ಸೀರೆ ಕೊಳ್ಳುವಂತೆ ದಂಡ ಕಟ್ಟಿದರೆ, ಈ ಚಲನ್ ನನ್ನದೇನಾ ಅಂತ ಯಾರು ಕೇಳುತ್ತಾರೆ? ಅರ್ಧ ಬೆಲೆಗೆ ಸಿಕ್ಕಿತಲ್ಲ ಅಂತ ಖುಷಿಯಲ್ಲಿ ಮನೆಗೆ ಹೋಗುತ್ತಾರೆ. ಮೊದಲು ಕಟ್ಟಿದವನು ಪೆದ್ದ ಅನ್ನಿಸಿಕೊಳ್ಳುತ್ತಾನೆ, ಅದು ಬೇರೆ.

ಸರಿ, ಹಾಗಾದರೆ ಪಾರ್ಕಿಂಗ್ ದಂಡ ಯಾವಾಗ ಸರಿ? ಮೊದಲು ಜಾಗ ನೋಡಬೇಕು. ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೋರ್ಡೇ ಇರಲಿಲ್ಲ ಸಾರ್." ಕೆಲವು ಜಾಗಕ್ಕೆ ಬೋರ್ಡು ಬೇಕೇ ಇಲ್ಲ. ಫುಟ್‌ಪಾತ್, ಜೀಬ್ರಾ ಕ್ರಾಸಿಂಗ್, ಬಸ್ ಸ್ಟಾಪ್, ಆಸ್ಪತ್ರೆ ಬಾಗಿಲು, ಯಾರದೋ ಮನೆ ಗೇಟಿನ ಅಡ್ಡ. ಇಲ್ಲೆಲ್ಲ ನಿಲ್ಲಿಸಬಾರದು ಅಂತ 2017ರ ಚಾಲನಾ ನಿಯಮಾವಳಿಯಲ್ಲೇ ಇದೆ. ಬೋರ್ಡ್ ಇರಲಿಲ್ಲ ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ನಾನೇನು ಸಾಚಾ ಅಲ್ಲ. ಎರಡು ವರ್ಷದ ಹಿಂದೆ ಮೆಡಿಕಲ್ ಶಾಪ್ ಎದುರು ಫುಟ್‌ಪಾತ್ ಮೇಲೆ ಸ್ಕೂಟರ್ ಹತ್ತಿಸಿ ಒಳಗೆ ಹೋಗಿದ್ದೆ. ಮಾತ್ರೆ ತೆಗೆದುಕೊಂಡು ತಿರುಗಿದಾಗ ಒಬ್ಬರು ಅಜ್ಜ, ಕೈಯಲ್ಲಿ ಕೋಲು, ನನ್ನ ಸ್ಕೂಟರ್ ಬಳಸಿಕೊಂಡು ಹೋಗಲು ಒಂದು ಕಾಲು ರಸ್ತೆಗೆ ಇಳಿಸಿದ್ದರು. ಹಿಂದಿನಿಂದ ಬಿಎಂಟಿಸಿ ಬಸ್ಸು. ಡ್ರೈವರ್ ಹಾರ್ನ್ ಹೊಡೆದ, ಅಜ್ಜ ಬೆಚ್ಚಿ ನನ್ನ ಹ್ಯಾಂಡಲ್ ಹಿಡಿದುಕೊಂಡರು. ಏನೂ ಆಗಲಿಲ್ಲ. ಅವರು ನನ್ನನ್ನು ಬೈಯಲೂ ಇಲ್ಲ. ಅವತ್ತು ಯಾರೂ ಚಲನ್ ಹಾಕಲಿಲ್ಲ. ಹಾಕಿದ್ದರೆ ಮಾತಾಡದೆ ಕಟ್ಟುತ್ತಿದ್ದೆ.

ಉಳಿದ ರಸ್ತೆಗಳಲ್ಲಿ ಬೋರ್ಡೇ ಎಲ್ಲ. ಅದನ್ನಾದರೂ ನಾವು ಸರಿಯಾಗಿ ಓದುತ್ತೇವಾ? ನೀಲಿ ವೃತ್ತ, ಕೆಂಪು ಅಂಚು, ಅಡ್ಡಕ್ಕೆ ಒಂದೇ ಕೆಂಪು ಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಕತ್ತರಿ ಹಾಕಿದ್ದರೆ ನಿಲ್ಲಿಸುವುದೇ ಇಲ್ಲ. ಎರಡನೆಯದರ ಕೆಳಗೆ ಇಂಜಿನ್ ಆನ್ ಇಟ್ಟುಕೊಂಡು, ಸೀಟಿನಲ್ಲೇ ಕೂತು "ನಾನು ಪಾರ್ಕ್ ಮಾಡಿಲ್ಲ, ಎರಡು ನಿಮಿಷ ನಿಂತೆ ಅಷ್ಟೇ" ಅಂದರೆ ನಡೆಯುವುದಿಲ್ಲ. ನನ್ನ ತಮ್ಮ ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದಾನೆ. ಈ ವ್ಯತ್ಯಾಸ ಅವನಿಗೆ ಹೇಳಿದ್ದು ನಾನು, ಹೋದ ವಾರ.

ಇನ್ನು ಬೋರ್ಡ್ ಇದೆ, ಆದರೆ ಕಾಣುವುದಿಲ್ಲ. ಇದು ನನ್ನ ಎರಡನೇ ಚಲನ್ ಕಥೆ. ಈ ಸಲ ಗಾಡಿ ನನ್ನದೇ, ಫೋಟೋನೂ ಸರಿಯಾಗಿತ್ತು. ನಾಲ್ಕು ಸ್ಕೂಟರ್ ಸಾಲಾಗಿ ನಿಂತಿದ್ದವು, ಐದನೆಯದಾಗಿ ನಾನು ನಿಲ್ಲಿಸಿದೆ. ಮರುದಿನ ಹೋಗಿ ಆ ರಸ್ತೆಯ ಉದ್ದಕ್ಕೂ ತಲೆ ಎತ್ತಿಕೊಂಡು ನಡೆದೆ. ಬೋರ್ಡ್ ಸಿಕ್ಕಿತು. ಹೊಂಗೆ ಮರದ ಒಳಗಿತ್ತು! ಕಂಬ ಮಾತ್ರ ಕೆಳಗೆ, ತಟ್ಟೆ ಎಲೆಗಳ ನಡುವೆ. ಇಣುಕುತ್ತಿದ್ದ ಅಂಚಿನ ಮೇಲೂ ಯಾರೋ ಪಿಜಿ ಜಾಹೀರಾತು ಅಂಟಿಸಿದ್ದರು. ನಾನು ನಿಲ್ಲಿಸಿದ ಜಾಗದಲ್ಲೇ ನಿಂತು, ನನ್ನ ಕಣ್ಣಿನ ಎತ್ತರದಿಂದ ಮೂರು ಫೋಟೋ ತೆಗೆದುಕೊಂಡೆ. ಓದಲಾಗದ ಬೋರ್ಡಿನ ಮೇಲೆ ಹಾಕಿದ ದಂಡ ನನ್ನ ಪ್ರಕಾರ ಸರಿಯಲ್ಲ. ಕೋರ್ಟ್ ಒಪ್ಪುತ್ತದೋ ಇಲ್ಲವೋ, ಕೇಳುವ ಹಕ್ಕಂತೂ ನನಗಿದೆ.

ಸಾಕ್ಷಿ ಎರಡು ಕಡೆಯಿಂದಲೂ ಬೇಕಲ್ವಾ? ಕ್ಯಾಮೆರಾ ಮೂಲಕ ಹಾಕುವ ಚಲನ್‌ಗಳಿಗೆ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 167ಎ ಅಂತ ಒಂದು ನಿಯಮ ಸೇರಿಸಿತು. ತಪ್ಪು ಕಾಣುವ ಫೋಟೋ, ಅದರಲ್ಲಿ ನಂಬರ್ ಪ್ಲೇಟ್, ದಿನ, ಸಮಯ, ಜಾಗ, ಯಾವ ಸೆಕ್ಷನ್, ಇಷ್ಟೂ ಇರಬೇಕು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ತಲುಪಬೇಕು ಅಂತಲೂ ಆ ನಿಯಮ ಬಂದಾಗ ಬರೆದಿದ್ದರು. ನಿಲ್ಲಿಸಬಾರದ ಕಡೆ ನಿಲ್ಲಿಸುವುದೂ ಅದರ ಪಟ್ಟಿಯಲ್ಲಿದೆ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ! ಇದನ್ನು ಓದಿದ ಮೇಲೆ ನನ್ನ ಹಳೇ ಚಲನ್‌ಗಳನ್ನೆಲ್ಲ ತೆಗೆದು ನೋಡಿದೆ. ಒಂದರ ಫೋಟೋದಲ್ಲಿ ಕಾಣುವುದು ಬರೀ ನಂಬರ್ ಪ್ಲೇಟ್ ಮತ್ತು ಹಿಂದಿನ ಟೈರು. ಎಲ್ಲಿ ನಿಂತಿದೆ, ಫುಟ್‌ಪಾತೋ ರಸ್ತೆಯೋ ಮನೆ ಅಂಗಳವೋ, ದೇವರಿಗೇ ಗೊತ್ತು. ಅದನ್ನೂ ಯಾವತ್ತೋ ಕಟ್ಟಿಬಿಟ್ಟಿದ್ದೇನೆ, ಅದೂ ಅರ್ಧ ರೇಟಿಗೆ. ಡೆಲಿವರಿ ಹುಡುಗನಿಗೆ ಬುದ್ಧಿ ಹೇಳಿದ್ದು ಇದೇ ನಾನು.

ಚಲನ್‌ಗಿಂತ ಜಾಸ್ತಿ ಹೆದರಿಸಿದ್ದು ಟೋಯಿಂಗ್. ಬೆಂಗಳೂರಿನಲ್ಲಿ ಗಾಡಿ ಎತ್ತುವ ಲಾರಿಗೆ ಟೈಗರ್ ಅಂತಲೇ ಹೆಸರು. "ಟೈಗರ್ ಬಂತು" ಅಂದರೆ ದರ್ಶಿನಿಯಲ್ಲಿ ಅರ್ಧ ದೋಸೆ ಬಿಟ್ಟು ಓಡುತ್ತಿದ್ದರು. ಎತ್ತುತ್ತಿದ್ದ ಹುಡುಗರಿಗೆ ಎಷ್ಟು ಜೋಶ್ ಅಂದರೆ ಸ್ಕೂಟರ್ ಹಾರುತ್ತಿತ್ತು. ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ ಹತ್ತು ಗಂಟೆ ಅಥವಾ ಜಾಸ್ತಿ ಹೊತ್ತು ಸಾರ್ವಜನಿಕ ಜಾಗದಲ್ಲಿ ದಿಕ್ಕಿಲ್ಲದೆ ಬಿಟ್ಟ ಗಾಡಿ, ಇಲ್ಲವೇ ಕಾನೂನು ಪ್ರಕಾರ ನಿಲ್ಲಿಸಬಾರದ ಜಾಗದಲ್ಲಿರುವ ಗಾಡಿಯನ್ನು ಎತ್ತಿಸಬಹುದು. ಆದರೆ ಎತ್ತಿ ಅಂತ ಹೇಳಬೇಕಾದವರು ಯೂನಿಫಾರ್ಮ್ ಹಾಕಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ. ಗುತ್ತಿಗೆಯ ಹುಡುಗರಲ್ಲ. ರಸ್ತೆಯಲ್ಲಿ ಜಗಳಗಳಾಗಿ, ವಿಡಿಯೋಗಳು ಹರಿದಾಡಿ, 2022ರ ಆರಂಭದಲ್ಲಿ ಬೆಂಗಳೂರಿನಲ್ಲಿ ಟೋಯಿಂಗ್ ನಿಲ್ಲಿಸಿದರು. ಮತ್ತೆ ತರುವ ಮಾತು ಆಗಾಗ ಬರುತ್ತಲೇ ಇರುತ್ತದೆ. ನನ್ನ ಕೇಳಿದರೆ ಟೋಯಿಂಗ್ ಬೇಕು. ಆಂಬುಲೆನ್ಸ್ ದಾರಿಗೆ ಅಡ್ಡ ನಿಂತ ಕಾರಿಗೆ ಚಲನ್ ಹಾಕಿದರೆ ಕಾರು ಅಲ್ಲೇ ಇರುತ್ತದೆ. ಎತ್ತುವ ಮುಂಚೆ ಮೈಕಿನಲ್ಲಿ ನಂಬರ್ ಕೂಗಲಿ, ಗಾಡಿ ನಿಂತ ಜಾಗದ ವಿಡಿಯೋ ತೆಗೆಯಲಿ, ಸ್ಥಳದಲ್ಲಿ ಪೊಲೀಸ್ ಇರಲಿ. ಅಷ್ಟು ಸಾಕು.

ಪೊಲೀಸರನ್ನು ಇಷ್ಟು ಕೇಳುವ ನಾವು ನಮ್ಮ ಬೀದಿಯಲ್ಲಿ ಏನು ಮಾಡುತ್ತೇವೆ ಗೊತ್ತಾ? ನಮ್ಮ ಕ್ರಾಸಿನಲ್ಲಿ ಒಂದು ಮನೆ ಇದೆ. ಗೇಟಿಗೆ ಬೋರ್ಡು: "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು." ಗೇಟ್ ಮುಂದೆ ಅಷ್ಟೇ ಆದರೆ ಸರಿ, ಗೇಟಿಗೆ ಅಡ್ಡ ನಿಲ್ಲಿಸುವುದು ತಪ್ಪೇ. ಇವರು ಕಾಂಪೌಂಡ್ ಉದ್ದಕ್ಕೂ ಹಳೇ ಪೇಂಟ್ ಡಬ್ಬಿಗೆ ಸಿಮೆಂಟ್ ಸುರಿದು, ಮಧ್ಯೆ ಕಬ್ಬಿಣದ ಸರಳು ನಿಲ್ಲಿಸಿ, ರಸ್ತೆಯನ್ನೇ ಕಾಯ್ದಿರಿಸಿಕೊಂಡಿದ್ದಾರೆ. ಸಂಜೆ ಅವರ ಕಾರು ಬಂದಾಗ ಮಗ ಇಳಿದು ಡಬ್ಬಿ ಸರಿಸುತ್ತಾನೆ. ಸಾರ್ವಜನಿಕ ರಸ್ತೆಯಲ್ಲಿ ಪಾರ್ಕಿಂಗ್ ನಿಷೇಧಿಸುವ ಅಧಿಕಾರ ಮನೆ ಮಾಲೀಕರಿಗೆ ಇಲ್ಲ. ಬೇರೆಯವರ ಟೈರಿನ ಗಾಳಿ ತೆಗೆಯುವ ಹಕ್ಕು ಯಾರಿಗೂ ಇಲ್ಲ. ಅಪಾರ್ಟ್‌ಮೆಂಟ್ ಸಂಘದವರು ಹಾಕುವ "ಫೈನ್" ಕೂಡ ಸರ್ಕಾರಿ ಚಲನ್ ಅಲ್ಲ, ಅವರ ಬೈಲಾದಲ್ಲಿ ಏನಿದೆಯೋ ಅಷ್ಟೇ.

ಒಮ್ಮೆ ಆ ಮನೆಯ ಅಂಕಲ್‌ಗೆ ಮೆಲ್ಲಗೆ ಹೇಳಿ ನೋಡಿದೆ. "ನಮ್ಮ ಮನೆ ಮುಂದಿನ ರಸ್ತೆ ಅಲ್ವೇನಮ್ಮಾ?" ಅಂದರು. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿದೆ. ಬಿಟ್ಟೆ.

ಹೊಂಗೆ ಮರದ ಚಲನ್ ಇನ್ನೂ ಬಾಕಿ ಇದೆ. ಠಾಣೆಯಲ್ಲಿ ಫೋಟೋ ತೋರಿಸಿದೆ. ನಂಬರ್ ತಪ್ಪಿದ್ದರೆ ತೆಗೆಯಬಹುದು, ಇದು ನಮ್ಮ ಕೈಯಲ್ಲಿಲ್ಲ, ಬೇಕಿದ್ದರೆ ಕೋರ್ಟಿನಲ್ಲಿ ಹೇಳಿ ಅಂದರು. ಕೊಂಬೆ ಕಡಿಯುವುದು ಪಾಲಿಕೆಯ ಕೆಲಸವಂತೆ. ಪಾಲಿಕೆಯ ಆ್ಯಪ್‌ನಲ್ಲಿ ದೂರು ಕೊಟ್ಟೆ, "ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ಹೋಗಿ ನೋಡಿದರೆ ಮರ ಹಾಗೇ ಇದೆ, ಈಗ ಹೂ ಬೇರೆ ಬಿಟ್ಟಿದೆ. ಕೆಳಗೆ ಆರು ಸ್ಕೂಟರ್ ನಿಂತಿದ್ದವು. ಮುಂದಿನ ಆಫರ್ ಬರುವವರೆಗೆ ಕಾಯಿ ಅನ್ನುತ್ತಾರೆ ಮನೆಯವರು. ನಾನು ಮೂರು ಫೋಟೋ ಪ್ರಿಂಟ್ ಹಾಕಿಸಿ ಆರ್‌ಸಿ ಜೊತೆ ಕವರಿನಲ್ಲಿ ಇಟ್ಟಿದ್ದೇನೆ. ಸಮನ್ಸ್ ಬಂದರೆ ಒಂದು ದಿನ ರಜಾ ಹಾಕುತ್ತೇನೆ. ಈಗಾಗಲೇ ಇಂಥ ಕೇಸಿಗೆ ಕೋರ್ಟಿಗೆ ಹೋಗಿ ಬಂದವರು ಯಾರಾದರೂ ಇದ್ದರೆ, ಎಷ್ಟು ಹೊತ್ತು ಕಾಯಬೇಕಾಯಿತು ಅಂತ ಕಾಮೆಂಟಿನಲ್ಲಿ ಹೇಳಿ. ಡಬ್ಬಿ ಕಟ್ಟಿಕೊಂಡು ಹೋಗಬೇಕಾ ಅಂತ ಗೊತ್ತಾಗುತ್ತದೆ.