ಜಿಗ್ಗಿನ ಜಂಜಾಟ

ಚಾಕು ಮಾಡುವ ಹುಚ್ಚು ಹಿಡಿದವರ ಮನೆಗೆ ಒಮ್ಮೆ ಹೋಗಿ ನೋಡಿ. ಚಾಕು ಒಂದೋ ಎರಡೋ ಸಿಗಬಹುದು. ಅದನ್ನು ಮಾಡುವುದಕ್ಕೆಂದು ಮಾಡಿಕೊಂಡ ಸಾಮಾನು ಮಾತ್ರ ಅಟ್ಟದ ತುಂಬ ಇರುತ್ತದೆ. ಅರ, ಡ್ರಿಲ್ಲು ಅಡ್ಡಾದಿಡ್ಡಿ ಹೋಗದಂತೆ ದಾರಿ ತೋರಿಸುವುದು ಜಿಗ್. ಕೆಲಸದ ವಸ್ತು ಅಲುಗಾಡದಂತೆ ಹಿಡಿದುಕೊಳ್ಳುವುದು ಫಿಕ್ಸ್ಚರ್. ಇವನ್ನು ದುಡ್ಡು ಕೊಟ್ಟು ತರುವುದು ನಮ್ಮ ಪಂಗಡದಲ್ಲಿ ಅವಮಾನ. ಮನೆಯಲ್ಲೇ ಮಾಡಬೇಕು. ಮನೆಯಲ್ಲೇ ಅಂದರೆ, ಮನೆ ಸಾಮಾನಿನಲ್ಲೇ.

ನಮ್ಮಲ್ಲಿ ಮೊದಲು ಬಲಿಯಾಗಿದ್ದು ಚಪಾತಿ ಮಣೆ. ಗುಜರಿಯಿಂದ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ತಂದಿದ್ದೆ. ಅದರಲ್ಲಿ ಕೊಯ್ದ ಅಲಗಿನ ಎರಡೂ ಪಕ್ಕವನ್ನು ಒಂದೇ ಓರೆಯಲ್ಲಿ ಉಜ್ಜಬೇಕು. ದಪ್ಪ 3 ಮಿ.ಮೀ., ಓರೆಯ ಎತ್ತರ 20 ಮಿ.ಮೀ. ಇದ್ದರೆ ಪಕ್ಕಕ್ಕೆ ಸುಮಾರು ನಾಲ್ಕೂಕಾಲು ಡಿಗ್ರಿ. ಬರಿಗೈಗೆ ನಾಲ್ಕೂಕಾಲು ಡಿಗ್ರಿ ಎಲ್ಲಿ ಗೊತ್ತಾಗಬೇಕು? ಅದಕ್ಕೇ ಜಿಗ್. ಮಣೆಯ ಮೇಲೆ ಅಲಗನ್ನು ಬಿಗಿದು, ಹಿಂದುಗಡೆ ಉಂಗುರದ ತಲೆಯ ಬೋಲ್ಟ್ ಒಂದನ್ನು ನೆಟ್ಟಗೆ ನಿಲ್ಲಿಸುವುದು. ಅರಕ್ಕೆ ಉದ್ದನೆಯ ಸರಳು ಕಟ್ಟಿ, ಸರಳನ್ನು ಆ ಉಂಗುರದೊಳಗೆ ತೂರಿಸುವುದು. ನಟ್ಟು ತಿರುಗಿಸಿ ಉಂಗುರ ಏರಿಸಿ ಇಳಿಸಿದರೆ ಓರೆ ಬದಲಾಗುತ್ತದೆ. ಎಷ್ಟು ಸಲ ಎಳೆದರೂ ಅರ ಅದೇ ಓರೆಯಲ್ಲಿ ಓಡುತ್ತದೆ. ನೋಡೋಕೇ ಒಂದು ಖುಷಿ. ಸರಳು ಎಲ್ಲಿಂದ ಬಂತು ಅನ್ನೋದು ಮಾತ್ರ ಅಡುಗೆಮನೆ ಕಿಟಕಿಯ ಪರದೆ ಸಾಂಬಾರಿನೊಳಗೆ ಬಿದ್ದಾಗ ಎಲ್ಲರಿಗೂ ತಿಳಿಯಿತು.

ಆಮೇಲೆ ಹದ ಹಾಕುವುದು. ಹಿತ್ತಲಲ್ಲಿ ನಾಲ್ಕು ಇಟ್ಟಿಗೆಯ ಕುಲುಮೆ. ತಿದಿಯ ಬದಲು ಮಗಳ ಹೇರ್ ಡ್ರೈಯರ್. ಉಕ್ಕು ಸುಮಾರು 770 ಡಿಗ್ರಿ ದಾಟಿದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಇನ್ನೊಂಚೂರು ಕಾಯಿಸಿ ಎಣ್ಣೆಗೆ ಅದ್ದಿದರೆ ಗಡುಸಾಗುತ್ತದೆ. ಇದನ್ನು ನೋಡಲು ಫ್ರಿಡ್ಜಿನ ಬಾಗಿಲಲ್ಲಿದ್ದ ಧರ್ಮಸ್ಥಳದ ಅಯಸ್ಕಾಂತವನ್ನು ಕೋಲಿಗೆ ಕಟ್ಟಿದೆ. ತಾಪತ್ರಯ ಏನಪ್ಪಾ ಅಂದರೆ, ಕಾವು ತಗುಲಿದರೆ ಅಯಸ್ಕಾಂತಕ್ಕೂ ಶಕ್ತಿ ಇಳಿಯುತ್ತದೆ. ಕೊನೆಗೆ ಅದು ಅಂಟದೇ ಹೋಯಿತು. ಅಲಗು ಕಾದಿದ್ದಕ್ಕೋ, ಅಯಸ್ಕಾಂತವೇ ಸತ್ತಿದ್ದಕ್ಕೋ? ಕೋಲು ಹಿಡಿದು ಓಡಿ ಹೋಗಿ ಫ್ರಿಡ್ಜಿಗೆ ಅಂಟಿಸಿ ನೋಡಿದೆ. ಕರೆಂಟ್ ಬಿಲ್ಲಿನ ಸಮೇತ ಕೆಳಗೆ ಜಾರಿತು.

ಎಣ್ಣೆಗೆ ಅದ್ದಿದ ಅಲಗು ಹಾಗೇ ಬಿಟ್ಟರೆ ಪೆಡಸು. ಕೈಜಾರಿ ಬಿದ್ದರೂ ಒಡೆಯಬಹುದು. ಅದಕ್ಕೇ 200 ಡಿಗ್ರಿ ಆಸುಪಾಸಿನಲ್ಲಿ ಎರಡು ಗಂಟೆ ಓವನ್ನಿನಲ್ಲಿ ಇಡುತ್ತಾರೆ. ನಾನು ಅದ್ದಿದ್ದು ಕಡಲೆಕಾಯಿ ಎಣ್ಣೆಗೆ. ಮಾರನೇ ದಿನ ಮಗಳ ಹುಟ್ಟುಹಬ್ಬ.

‘ರೀ, ಕೇಕಿಗೆ ಯಾಕೆ ಬಜ್ಜಿ ಅಂಗಡಿ ವಾಸನೆ?’ ಎಂದಳು ಹೆಂಡತಿ.

ಹಿಡಿಯ ವಿಷಯ ಜಾಸ್ತಿ ಹೇಳುವುದಿಲ್ಲ. ಹಲಸಿನ ಮರದ ಎರಡು ತುಂಡು, ನಡುವೆ ಎಪಾಕ್ಸಿ, ಮೇಲೆ ಬಟ್ಟೆ ಕ್ಲಿಪ್ಪುಗಳು. ಉಕ್ಕಿ ಬಂದ ಅಂಟು ಕ್ಲಿಪ್ಪನ್ನೂ ಹಿಡಿಯುತ್ತದೆ, ಅಷ್ಟೇ. ನಡುವೆ ಮೇಣದ ಕಾಗದ ಇದ್ದರೆ ಬಚಾವ್.

ಹಿಡಿ ಉಜ್ಜುವಾಗ ಅಲಗನ್ನು ಹಿಡಿದುಕೊಳ್ಳಲು ಮಾಡಿದ ಫಿಕ್ಸ್ಚರ್ ಮಾತ್ರ ಸೊಗಸಾಗಿತ್ತು. ತೇಗದ ಎರಡು ತುಂಡಿನ ಬಾಯಿ. ಒಳಗೆ ಗೀರು ಬೀಳದಂತೆ ಸೈಕಲ್ ಟ್ಯೂಬು. ಕೈಯಲ್ಲೇ ತಿರುಗಿಸುವ ನಟ್ಟು. ಕೆಳಗೆ ಮೇಜಿಗೆ ಕಚ್ಚಿಸಲು ಸಿ-ಕ್ಲ್ಯಾಂಪು.

ಇಷ್ಟೆಲ್ಲ ನಡೆಯುವಾಗ ಅಮ್ಮ ಈಳಿಗೆ ಮಣೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದಳು. ನನ್ನ ಕೇಳಿದರೆ ಅದಕ್ಕಿಂತ ಒಳ್ಳೇ ಫಿಕ್ಸ್ಚರ್ ಇಲ್ಲ. ಅಲಗು ನಿಂತಲ್ಲೇ ನಿಂತಿರುತ್ತದೆ, ತರಕಾರಿಯೇ ಅದರ ಹತ್ತಿರ ಬರುತ್ತದೆ. ಕ್ಲ್ಯಾಂಪು ಅಂದರೆ ಮಡಿಸಿ ಊರಿದ ಕಾಲು. ಎರಡೂ ಕೈ ಖಾಲಿ. ಆದರೆ ಅಮ್ಮನಿಗೆ ಈಗ ಮಂಡಿ ನೋವು. ನೆಲಕ್ಕೆ ಕೂತರೆ ಏಳಲು ಇಬ್ಬರು ಬೇಕು. ಮೇಜಿನ ಮೇಲಿಟ್ಟರೆ ಮಣೆ ಜಾರುತ್ತದೆ.

ಒಂದು ಬೆಳಿಗ್ಗೆ ನೋಡುತ್ತೇನೆ, ನನ್ನ ಫಿಕ್ಸ್ಚರ್ ಇಲ್ಲ. ಅಡುಗೆಮನೆ ಕಟ್ಟೆಗೆ ಕಚ್ಚಿಕೊಂಡು, ಬಾಯಲ್ಲಿ ಈಳಿಗೆ ಮಣೆ ಹಿಡಿದು ನಿಂತಿತ್ತು. ಅಮ್ಮ ನಿಂತುಕೊಂಡೇ ಸೌತೆಕಾಯಿ ಹೆಚ್ಚುತ್ತಿದ್ದಳು.

‘ಅಮ್ಮಾ, ಅದು ಚಾಕು ಮಾಡೋದಕ್ಕೆ ಮಾಡಿದ್ದು.’

‘ಇರಲಿ ಬಿಡೋ. ಅಲ್ಲಾಡಲ್ಲ ನೋಡು, ಚೆನ್ನಾಗಿದೆ.’

ಸಂಜೆ ಎದುರು ಮನೆಯವರು ಬಂದರು.

‘ಸಾರ್, ಅಜ್ಜಿ ತೋರಿಸಿದ್ರು. ನಮ್ಮತ್ತೆಗೂ ಅಂಥದ್ದೊಂದು ಮಾಡಿಕೊಡ್ತೀರಾ?’

‘ಆಗಲಿ. ಜೊತೆಗೊಂದು ಚಾಕೂ ಕೊಡ್ಲಾ?’

‘ಅಯ್ಯೋ ಬೇಡ ಸಾರ್. ಚಾಕು ಅಂಗಡೀಲೇ ಸಿಗುತ್ತಲ್ಲ.’