ಅತ್ತಿ ಹೂ ಬಿಟ್ಟ ಬೆಳಿಗ್ಗೆ

ಇಂದು ಬೆಳಿಗ್ಗೆ ನನ್ನ ಅತ್ತಿ ಬಳಗದ ಬೋನ್ಸಾಯ್ ಗಿಡ ಹೂ ಬಿಟ್ಟಿತು. ನಸುಗೆಂಪು ಬಣ್ಣದ, ಗೊಂಚಲು ಗೊಂಚಲಾದ, ಬಾಗಿಲಿನಿಂದಲೇ ಕಾಣುವ ಹೂವು. ಆಲ, ಅರಳಿ, ಅತ್ತಿ, ಬಸರಿಗಳೆಲ್ಲ ಫೈಕಸ್ ಎಂಬ ಒಂದೇ ಕುಲದವು. ಇವು ತಮ್ಮ ಹೂಗಳನ್ನು ಕಾಯಿಯಂತೆ ತೋರುವ ಗುಂಡನೆಯ ಚೀಲದೊಳಗೆ ಬಚ್ಚಿಟ್ಟುಕೊಳ್ಳುತ್ತವೆಯೇ ಹೊರತು ಯಾರ ಕಣ್ಣಿಗೂ ಬೀಳಿಸುವುದಿಲ್ಲ. ಬಹುಕಾಲದ ಮೇಲೆ ಮುಖ ತೋರಿಸಿದವರನ್ನು ‘ಅತ್ತಿ ಹೂವಾಗಿಬಿಟ್ಟಿರಿ’ ಎಂದು ಆಕ್ಷೇಪಿಸುವುದು ಇದೇ ಕಾರಣಕ್ಕೆ. ನಮ್ಮವರು ಪತ್ರಿಕೆ ಮಡಿಸಿಕೊಂಡು ಬಂದು, ಕುಂಡವನ್ನು ಸುತ್ತಲೂ ನೋಡಿ, “ಅಂತೂ ನಿನ್ನ ಗಿಡ ಹೂ ಬಿಟ್ಟಿತಲ್ಲ, ಸಂತೋಷ” ಎಂದರು. ನಾನು ಕತ್ತರಿಯನ್ನು ಕೆಳಗಿಟ್ಟು ಕುಳಿತುಬಿಟ್ಟೆ. 14 ತಿಂಗಳು ತಂತಿ ಸುತ್ತಿ, ಕಾಂಡ ಬಾಗಿಸಿ, ಬುಡಕ್ಕೆ ಪಾಚಿ ಹೊದಿಸಿ, ಮಗುವಿನಂತೆ ಬಿಸಿಲು ನೆರಳಿಗೆ ಎತ್ತಿಟ್ಟುಕೊಂಡು ನಾನು ಬೆಳೆಸಿದ್ದು ಕಣಗಿಲೆಯನ್ನು.

ನನಗೆ ಬೇಕಾಗಿದ್ದುದು ವಿಲ್ಲೋ ಲೀಫ್ ಫೈಕಸ್. ಎಲೆ ಸಣ್ಣದು, ಕಿರಿದು, ತುದಿ ಚೂಪು. ಕಾಂಡ ಬೇಗ ದಪ್ಪವಾಗುತ್ತದೆ. ಬುಡದ ಬೇರುಗಳು ಹರಡಿಕೊಂಡು ಗಿಡಕ್ಕೆ ನೂರು ವರ್ಷದ ಗಾಂಭೀರ್ಯ ಕೊಡುತ್ತವೆ. ಬೋನ್ಸಾಯ್ ಮಾಡುವವರು ಎಲೆಯ ಅಳತೆಗೆ ಇಷ್ಟೇಕೆ ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಕೇಳುವವರಿದ್ದಾರೆ. ಒಂದು ಅಡಿ ಎತ್ತರದ ಮರಕ್ಕೆ ಅಂಗೈಯಗಲದ ಎಲೆಗಳು ಬಂದರೆ ಅದು ಮರವಾಗಿ ಕಾಣದೆ, ಅಪ್ಪನ ಅಂಗಿ ತೊಟ್ಟ ಹುಡುಗನಾಗಿ ಕಾಣುತ್ತದೆ; ಅಷ್ಟೇ ಕಾರಣ. ಸವರಿ, ಎಲೆ ಬಿಡಿಸಿ ಅಳತೆಯನ್ನು ಸ್ವಲ್ಪ ಕುಗ್ಗಿಸಬಹುದಾದರೂ ಹುಟ್ಟುಗುಣವನ್ನು ಯಾವ ಕತ್ತರಿಯೂ ಬದಲಿಸಲಾರದು. ಆದ್ದರಿಂದ ನಮಗೆ ‘ಒಂದು ಫೈಕಸ್’ ಸಾಲದು, ‘ಆ ಫೈಕಸ್’ ಬೇಕು. ಸಂಕಟ ಶುರುವಾಗುವುದು ಆ ‘ಆ’ಕಾರದಿಂದಲೇ.

ನಾನು ಹೋಗುವ ನರ್ಸರಿಯವರು ಸಜ್ಜನರು. ಅವರಲ್ಲಿ ಇರುವ ದೋಷ ಒಂದೇ: ‘ಇಲ್ಲ’ ಎಂಬ ಪದ ಅವರ ಬಾಯಿಂದ ಹೊರಡುವುದಿಲ್ಲ. ಯಾವ ಗಿಡದ ಹೆಸರು ಹೇಳಿದರೂ ಕಣ್ಣು ಅರೆ ಮುಚ್ಚಿ, ಆ ಗಿಡದೊಂದಿಗೆ ಕಳೆದ ಬಾಲ್ಯವನ್ನು ನೆನಪಿಸಿಕೊಳ್ಳುವವರಂತೆ ತಲೆಯಾಡಿಸಿ, “ಬರುತ್ತೆ ಮೇಡಂ” ಎನ್ನುತ್ತಾರೆ. ಎಲ್ಲಿಂದ, ಯಾವಾಗ ಎಂದು ಕೇಳುವುದು ಅವಿವೇಕ. ನಾನು ಮೊದಲ ಸಲ ವಿಲ್ಲೋ ಲೀಫ್ ಫೈಕಸ್ ಕೇಳಿದಾಗ ಮೂರು ವಾರಗಳ ಬಳಿಕ ಬೆಂಜಮಿನಾ ಬಂತು. ಅದೂ ಫೈಕಸ್ಸೇ, ಆದರೆ ಎಲೆ ಅಗಲ. “ಬೆಳೆಯುತ್ತ ಬೆಳೆಯುತ್ತ ಸಣ್ಣ ಆಗುತ್ತೆ ಮೇಡಂ” ಎಂದರು. ಬೆಳೆಯುತ್ತ ಸಣ್ಣವಾಗುವ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲವಾದ್ದರಿಂದ ಮರಳಿಸಿದೆ. ಎಲೆ ಕಿರಿದಾಗಿರಬೇಕು ಎಂದು ಒತ್ತಿ ಹೇಳಿದ್ದಕ್ಕೆ ಎರಡನೆಯ ಸಲ ಕಿರಿದಾದ ಎಲೆಯ ಬೇರೊಂದು ಫೈಕಸ್ ಬಂತು; ಎಲೆ ಕಿರಿದೇ, ಉದ್ದ ಮಾತ್ರ ಒಂದು ಗೇಣು. ಮೂರನೆಯ ಸಲ ಅವರು ಫೈಕಸ್ಸನ್ನೇ ಕೈಬಿಟ್ಟು ಸಾಕ್ಷಾತ್ ವಿಲ್ಲೋ ಕಡ್ಡಿಯನ್ನು ತರಿಸಿದರು. ಕ್ರಿಕೆಟ್ ಬ್ಯಾಟು ಮಾಡುವ ಮರದ ಬಂಧು. “ನೀವು ವಿಲ್ಲೋ ಎಂದಿರಿ” ಎಂದಾಗ ಅವರ ದನಿಯಲ್ಲಿದ್ದ ನೋವು ನಿಜವಾದದ್ದು.

ಇಲ್ಲಿ ನನ್ನದೊಂದು ತಪ್ಪು ನಡೆಯಿತು; ಒಪ್ಪಿಕೊಳ್ಳುತ್ತೇನೆ. ಈ ಗಿಡದ ಈಗಿನ ಶಾಸ್ತ್ರೀಯ ಹೆಸರು ಫೈಕಸ್ ಸ್ಯಾಲಿಕೇರಿಯಾ. ಆದರೆ ಬಹುಕಾಲ ಅದು ನೇರಿಫೋಲಿಯಾ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ನಿಜವಾದ ಫೈಕಸ್ ನೇರಿಫೋಲಿಯಾ ಎಂಬ ಮರ ಬೇರೆಯೇ ಇದ್ದರೂ ಮಾರುವವರು ಹಳೆಯ ಹೆಸರನ್ನು ಬಿಟ್ಟಿಲ್ಲ. ಹೆಸರಿನ ಗೊಂದಲ ತಪ್ಪಿಸಬೇಕೆಂದು ನಾನು ಎರಡೂ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಟ್ಟು, ಪಾಂಡಿತ್ಯದ ಹುಮ್ಮಸ್ಸಿನಲ್ಲಿ, “ನೇರಿಫೋಲಿಯಾ ಎಂದರೆ ಕಣಗಿಲೆಯಂತಹ ಎಲೆಯುಳ್ಳದ್ದು ಎಂದರ್ಥ” ಎಂದು ವಿವರಿಸಿದೆ. ಅವರು ಕಣ್ಣು ಅರೆ ಮುಚ್ಚಿದರು. “ಗೊತ್ತಾಯಿತು ಮೇಡಂ. ಬರುತ್ತೆ.” ಬಂತು.

ನನಗೆ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ಬಂದದ್ದು ನಾಲ್ಕು ಬೆರಳು ಎತ್ತರದ, ಆರೇಳು ಎಲೆಗಳ ಕಡ್ಡಿ. ಫೈಕಸ್ಸಿನಲ್ಲಿ ಎಲೆಗಳು ಗೆಣ್ಣಿಗೊಂದರಂತೆ ಆಚೀಚೆ ಬರುತ್ತವೆ, ಕಣಗಿಲೆಯಲ್ಲಿ ಸಾಮಾನ್ಯವಾಗಿ ಒಂದೊಂದು ಗೆಣ್ಣಿಗೆ ಮೂರು. ನನ್ನ ಗಿಡದಲ್ಲಿ ಮೂರು ಮೂರಾಗಿ ಬಂದಾಗ ನಾನು ನೋಡಿದೆ. ನೋಡಿ, ಗೊಬ್ಬರ ಹೆಚ್ಚಾಗಿರಬೇಕು ಎಂದುಕೊಂಡೆ. ನಾಲ್ಕನೆಯ ಸಲಕ್ಕೆ ಸಿಕ್ಕ ಗಿಡವನ್ನು ಅನುಮಾನಿಸುವ ಶಕ್ತಿ ಯಾರಿಗಿರುತ್ತದೆ?

ನರ್ಸರಿಯೊಂದನ್ನೇ ನಂಬಿದ್ದೆನೆಂದೂ ಅಲ್ಲ. ಒಮ್ಮೆ ಮೊಬೈಲಿನಲ್ಲಿ ‘ಬೋನ್ಸಾಯ್ ಬೀಜ’ ತರಿಸಿದ್ದೆ. ಬೋನ್ಸಾಯ್ ಎಂದರೆ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ. ಅದು ಬೆಳೆಸುವ ಕ್ರಮವೇ ಹೊರತು ಗಿಡದ ಜಾತಿಯಲ್ಲ. ಬೋನ್ಸಾಯ್ ಬೀಜವೆಂಬುದು ಜಡೆಯ ಬೀಜ ಎಂದಷ್ಟೇ ಅರ್ಥವುಳ್ಳ ಮಾತು ಎಂಬುದನ್ನು ಬಲ್ಲ ನಾನೂ, ಚಿತ್ರದಲ್ಲಿದ್ದ ಕಡುನೀಲಿ ಎಲೆಯ ಮೇಪಲ್ ಮರವನ್ನು ನೋಡಿ ಮರುಳಾದೆ. ಹಸಿರಿದೆ, ಕೆಂಪಿದೆ, ಹಳದಿಯಿದೆ. ನೀಲಿ ಎಲೆಯ ಮೇಪಲ್ ಭೂಮಿಯ ಮೇಲಿಲ್ಲ. ಮೇಪಲ್ ಬೀಜಗಳು ಚಳಿಗಾಲವನ್ನು ಅನುಭವಿಸದೆ ಸಾಮಾನ್ಯವಾಗಿ ಮೊಳೆಯುವುದಿಲ್ಲವಾದ್ದರಿಂದ ಒದ್ದೆ ಮರಳಿನೊಂದಿಗೆ ಡಬ್ಬಿಗೆ ತುಂಬಿ ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟೆ. ನಮ್ಮವರು ಅದನ್ನು ಎರಡು ಸಲ ಎಸೆಯಲು ಹೋದರು. ಎಸೆದಿದ್ದರೂ ನಷ್ಟವಿರಲಿಲ್ಲ, ಮೊಳೆತದ್ದು ಹೆಸರೂ ತಿಳಿಯದ ಯಾವುದೋ ಕಳೆ.

ಬೀಜವಿರಲಿ, ಹೆಸರುವಾಸಿ ತಳಿಗಳ ವಿಷಯದಲ್ಲಿ ಅಸಲಿ ಬೀಜವೂ ಕೈಕೊಡುತ್ತದೆ. ದೇಶೋಜೋ ಎಂಬ ಜಪಾನಿ ಮೇಪಲ್ ತಳಿ ವಸಂತದಲ್ಲಿ ಬೆಂಕಿಯಂತೆ ಕೆಂಪಗೆ ಚಿಗುರುತ್ತದೆ. ಅದರ ಬೀಜ ಬಿತ್ತಿದರೆ ಹುಟ್ಟುವುದು ಅದರ ಮಕ್ಕಳು, ದೇಶೋಜೋ ಅಲ್ಲ. ತಳಿ ಉಳಿಯಬೇಕಾದರೆ ಕಸಿ ಕಟ್ಟಬೇಕು, ಗೂಟಿ ಹಾಕಬೇಕು, ಇಲ್ಲವೇ ಕಡ್ಡಿ ಬೇರೂರಿಸಬೇಕು. ಅಂದರೆ ಆ ಗಿಡ ಇರುವವರ ಮನೆಗೇ ಹೋಗಿ ಕೈಯೊಡ್ಡಬೇಕು. ವಿಲ್ಲೋ ಲೀಫ್ ಫೈಕಸ್ ಇರುವ ಒಬ್ಬರು ನನಗೆ ಪರಿಚಿತರು. ಫೈಕಸ್ಸಿನ ಕಡ್ಡಿ ಸುಲಭವಾಗಿ ಬೇರು ಬಿಡುತ್ತದೆ. ಅವರು ಗಿಡ ಸವರಿದಾಗಲೆಲ್ಲ ಹತ್ತು ಮನೆಗೆ ಸಾಲುವಷ್ಟು ಕಡ್ಡಿಗಳು ಕಸದ ಬುಟ್ಟಿಗೆ ಹೋಗುತ್ತವೆ. ಕೇಳಿದಾಗಲೆಲ್ಲ “ಅಯ್ಯೋ, ನಿನ್ನೆ ತಾನೇ ಸವರಿದೆನಲ್ಲ!” ಎನ್ನುತ್ತಾರೆ. ಎರಡು ವರ್ಷಗಳಿಂದ ನಾನು ಹೋಗುವುದು ಯಾವಾಗಲೂ ಅವರು ಸವರಿದ ಮರುದಿನವೇ.

ಹೊರದೇಶದಿಂದ ತರಿಸುವುದಂತೂ ಮಗಳನ್ನು ಕಡಲಾಚೆ ಕೊಟ್ಟಷ್ಟು ತಾಪತ್ರಯ. ಬಹುತೇಕ ದೇಶಗಳು ಗಿಡದೊಂದಿಗೆ ಮಣ್ಣನ್ನು ಒಳಗೆ ಬಿಡುವುದಿಲ್ಲ. ಬೇರು ತೊಳೆದು, ರೋಗವಿಲ್ಲವೆಂಬ ಪ್ರಮಾಣಪತ್ರ ಅಂಟಿಸಿ ಕಳುಹಿಸಬೇಕು. ಪತ್ರ ಪರಿಶೀಲನೆ ಮುಗಿಯುವಷ್ಟರಲ್ಲಿ ಪ್ರಮಾಣಪತ್ರ ಹಸಿರಾಗಿಯೇ ಇರುತ್ತದೆ, ಗಿಡ ಒಣಗಿರುತ್ತದೆ.

ಅಮೆರಿಕದ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ 1625ರಿಂದ ಪಳಗಿಸಿಕೊಂಡು ಬಂದ ಬಿಳಿ ಪೈನ್ ಮರವೊಂದಿದೆ. ಹಿರೋಷಿಮಾದ ಯಮಾಕಿ ಕುಟುಂಬ ತಲೆಮಾರುಗಳಿಂದ ಸಾಕಿದ ಮರ. 1945ರಲ್ಲಿ ಅಣುಬಾಂಬು ಬಿದ್ದಾಗ ಹಿತ್ತಿಲ ಗೋಡೆಯ ಮರೆಯಲ್ಲಿದ್ದು ಉಳಿಯಿತು. 1976ರಲ್ಲಿ ಅದನ್ನು ಅಮೆರಿಕಕ್ಕೆ ಉಡುಗೊರೆ ಕೊಟ್ಟಾಗ ಬಾಂಬಿನ ಸಂಗತಿ ಅಲ್ಲಿನವರಿಗೆ ತಿಳಿದಿರಲಿಲ್ಲ. ಮೊಮ್ಮಕ್ಕಳು 2001ರಲ್ಲಿ ಅಜ್ಜನ ಮರವನ್ನು ನೋಡಲು ಹೋದಾಗಷ್ಟೇ ತಿಳಿಯಿತು. ಅಮೆರಿಕಕ್ಕೆ ಹೋಗುವವರೆಗೆ ಆ ಮನೆಯಲ್ಲಿ ಒಂದು ತಲೆಮಾರು ಮುಂದಿನದರ ಕೈಗೆ ಕತ್ತರಿಯೊಡನೆ ಮರವನ್ನೂ ಕೊಡುತ್ತ ಬಂತು. ಅದು ಯಾವ ಜಾತಿಯದೆಂದು ಯಾರೂ ಚೀಟಿ ನೋಡಬೇಕಾಗಲಿಲ್ಲ. ನನ್ನ ಬಳಿ ಇರುವುದು ನಾಲ್ಕು ಚೀಟಿಗಳು ಮತ್ತು ಮುಗಿದುಹೋದ 14 ತಿಂಗಳು. ಬೋನ್ಸಾಯಿಯಲ್ಲಿ ತಪ್ಪು ಗಿಡವನ್ನು ಬದಲಿಸಬಹುದು, ಅದರ ಕಾಂಡಕ್ಕೆಂದು ಕೊಟ್ಟ ವರ್ಷ ಮರಳುವುದಿಲ್ಲ. ಐವತ್ತೆಂಟಕ್ಕೆ ಕಾಲಿಟ್ಟವಳು ಈ ಲೆಕ್ಕ ಹಾಕುವಾಗ ಬೆರಳುಗಳನ್ನು ಎರಡೆರಡು ಸಲ ಮಡಿಸಿ ನೋಡುತ್ತಾಳೆ.

ಹೂವಿನ ಸಮೇತ ಕುಂಡವನ್ನೆತ್ತಿಕೊಂಡು ಹತ್ತು ಗಂಟೆಗೆ ನರ್ಸರಿಗೆ ಹೋದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಕಟುವಾದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವರು ಗಿಡವನ್ನು ಎರಡೂ ಕೈಗಳಿಂದ ತೆಗೆದುಕೊಂಡು, ನಾನು ಬಾಗಿಸಿದ ಕಾಂಡವನ್ನು ಬೆಳಕಿಗೆ ಹಿಡಿದು, “ಎಷ್ಟು ಚೆನ್ನಾಗಿ ತಿರುಗಿಸಿದ್ದೀರಿ ಮೇಡಂ” ಎಂದರು. ನನ್ನ ಮೊದಲ ವಾಕ್ಯ ಅಲ್ಲೇ ಉದುರಿತು.

“ಇದು ಕಣಗಿಲೆ” ಎಂದೆ.

“ನೀವೇ ಹೇಳಿದ್ದಿರಲ್ಲ, ಎಲೆ ಕಣಗಿಲೆಯದರ ಹಾಗೇ ಇರಬೇಕು ಎಂದು?”

ನಾನು ಮಾತಾಡಲಿಲ್ಲ. ಅವರು ಹೂಗೊಂಚಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕಣ್ಣು ಅರೆ ಮುಚ್ಚಿ, ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ ಕೇಳಿದರು: “ಮೇಡಂ, ಬೇಸರವಿಲ್ಲದಿದ್ದರೆ ಇದರಿಂದ ನಾಲ್ಕು ಕಡ್ಡಿ ಕೊಡುತ್ತೀರಾ? ನಿಮ್ಮ ಹಾಗೆಯೇ ಇನ್ನೊಬ್ಬರು ಆ ಚೀಟಿಯ ಗಿಡಕ್ಕಾಗಿ ತುಂಬಾ ದಿನಗಳಿಂದ ಓಡಾಡುತ್ತಿದ್ದಾರೆ.”